ಎರಡೂ ಕಡೆ ಅರ್ಜಿ ಹಾಕಿದವರು

ಸಾಫ್ಟ್‌ವೇರಿನ ಮೇಲೆ ನನಗೆ ಹಗೆ ಎಂದು ಆಫೀಸಿನಲ್ಲಿ ಆಡಿಕೊಳ್ಳುತ್ತಾರೆ. ಶುದ್ಧ ಸುಳ್ಳು. ಅದು ಬಂದ ಮೇಲೆ ನನ್ನ ಮೇಜಿನ ಮೇಲಿದ್ದ ಕಡತಗಳ ಗುಡ್ಡ ಕರಗಿತು, ಬೆನ್ನುನೋವು ಇಳಿಯಿತು, ಪ್ರವೇಶದ ದಿನಗಳಲ್ಲೂ ಹೊತ್ತಿಗೆ ಸರಿಯಾಗಿ ಮನೆಗೆ ಹೊರಡುವಂತಾಯಿತು. ಅಷ್ಟು ಬೇಗ ಮನೆಗೆ ಹೋಗಿ ಏನು ಮಾಡಬೇಕು ಎಂಬುದನ್ನು ಮಾತ್ರ ಯಾರೂ ಹೇಳಿಕೊಡಲಿಲ್ಲ.

ನಾನು ವಿಶ್ವವಿದ್ಯಾಲಯದ ಗಣಿತ ವಿಭಾಗದ ಆಫೀಸಿನವಳು. ಎಂ.ಎಸ್ಸಿಗೆ ಯಾರನ್ನು ಸೇರಿಸಿಕೊಳ್ಳಬೇಕು ಎಂದು ತೀರ್ಮಾನಿಸುವವರು ಪ್ರೊಫೆಸರುಗಳು. ಅರ್ಜಿ ತೆಗೆದುಕೊಳ್ಳುವುದು, ಅಂಕಪಟ್ಟಿ ತಾಳೆ ನೋಡುವುದು, ಆಯ್ಕೆಯಾದವರಿಗೆ ತಿಳಿಸುವುದು, ಆಗದವರ ಅಪ್ಪಂದಿರ ಕೈಲಿ ಬೈಸಿಕೊಳ್ಳುವುದು, ಇದೆಲ್ಲ ನನ್ನ ಪಾಲಿನದು. ಬೈಸಿಕೊಂಡು ಸುಮ್ಮನಿರುವ ಜಾಯಮಾನ ನನ್ನದಲ್ಲ. ಕೋಪ ನನಗೆ ಮೂಗಿನ ತುದಿಯಲ್ಲೇ. ಹುಡುಗರು ಬೆನ್ನ ಹಿಂದೆ ನನ್ನನ್ನು ಒಣಮೆಣಸಿನಕಾಯಿ ಎಂದು ಕರೆಯುವುದು ನನಗೆ ಗೊತ್ತು. ಹಸಿಮೆಣಸಿನಕಾಯಿ ಅನ್ನಲಿಲ್ಲವಲ್ಲ, ವಯಸ್ಸಿಗೆ ಅಷ್ಟಾದರೂ ಮರ್ಯಾದೆ ಕೊಟ್ಟಿದ್ದಾರೆ ಎಂದು ಸುಮ್ಮನಿದ್ದೇನೆ.

ನಮ್ಮಲ್ಲಿ ಹಿಂದೆ ಪ್ರವೇಶ ಎಂಬುದು ವಿಭಾಗಕ್ಕೊಂದು ರೀತಿ ನಡೆಯುತ್ತಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಹಾಗೆ. ನಮ್ಮ ಅರ್ಜಿ ಬೇರೆ, ಭೌತವಿಜ್ಞಾನದವರ ಅರ್ಜಿ ಬೇರೆ. ನಮ್ಮ ಕೊನೆಯ ದಿನಾಂಕ ಮುಗಿದ ಮೇಲೆ ಅವರದು ಶುರು. ಬುದ್ಧಿವಂತ ಮಕ್ಕಳು ಎರಡೂ ಕಡೆ ಅರ್ಜಿ ಹಾಕುತ್ತಿದ್ದವು, ಎರಡೂ ಕಡೆ ಸೀಟು ಸಿಗುತ್ತಿತ್ತು, ಎರಡನ್ನೂ ಹಿಡಿದುಕೊಂಡು ತಿಂಗಳುಗಟ್ಟಲೆ ಯೋಚಿಸುತ್ತಿದ್ದವು. ಅಷ್ಟರಲ್ಲಿ ಅವರ ಹಿಂದೆ ಸಾಲಿನಲ್ಲಿ ಕಾಯುತ್ತಿದ್ದ ಪಾಪದ ಮಗು ಬೇಸತ್ತು ಇನ್ನೆಲ್ಲೋ ಸೇರಿಬಿಡುತ್ತಿತ್ತು. ಕೊನೆಗೆ ನೋಡಿದರೆ ಇಲ್ಲೂ ಒಂದು ಸೀಟು ಖಾಲಿ, ಅಲ್ಲೂ ಒಂದು ಸೀಟು ಖಾಲಿ.

ಇದಕ್ಕೆ ಮದ್ದು ಕಂಡುಹಿಡಿದವರು ಫಿಸಿಕ್ಸ್‌ನವರು. ಫಿಸಿಕ್ಸ್‌ನವರು ಎಂದರೆ ಪ್ರೊಫೆಸರುಗಳಲ್ಲ, ಅಲ್ಲಿ ನನ್ನಂತೆಯೇ ಆಫೀಸು ನೋಡಿಕೊಳ್ಳುವವರು. ಅವರ ಕಟ್ಟಡ ಆವರಣದ ಇನ್ನೊಂದು ತುದಿಗಿತ್ತು. ಒಂದು ದಿನ ನನ್ನ ಮೇಜಿನ ಫೋನು ಹೊಡೆದುಕೊಂಡಿತು.

“ಮ್ಯಾಥ್ಸಾ? ನಾನು ಫಿಸಿಕ್ಸಿಂದ. ಒಬ್ಬ ಹುಡುಗನ ವಿಷಯ ಕೇಳಬೇಕಿತ್ತು.”

“ಯಾರಾದ್ರೇನ್ರೀ, ಇಲ್ಲಿ ನಂಗೆ ತಲೆ ಕೆರ್ಕೊಳ್ಳೋಕೂ ಪುರುಸೊತ್ತಿಲ್ಲ.”

“ಪರವಾಗಿಲ್ಲ, ಕೆರ್ಕೊಂಡು ಮುಗಿಸಿ. ಕಾಯ್ತೀನಿ.”

ನಗು ಉಕ್ಕಿ ಬಂತು. ರಿಸೀವರಿಗೆ ಅಂಗೈ ಅಡ್ಡ ಹಿಡಿದು ನಕ್ಕೆ. ಯಾರೋ ಏನೋ, ಮೊದಲ ದಿನವೇ ನಕ್ಕುಬಿಟ್ಟರೆ ತಲೆಯ ಮೇಲೆ ಕೂತುಕೊಳ್ಳುತ್ತಾರೆ ಎಂದು ಭಯ. ಆಮೇಲೂ ಅದೇ ಅಭ್ಯಾಸವಾಯಿತು. ಅವರ ಮಾತಿಗೆ ನಾನು ಎಷ್ಟು ನಕ್ಕಿದ್ದೇನೋ, ಒಂದು ಸಲವೂ ಅವರ ಕಿವಿಗೆ ಅದು ಬಿದ್ದಿಲ್ಲ.

ಅಂದಿನಿಂದ ಪ್ರವೇಶದ ಕಾಲ ಬಂತೆಂದರೆ ದಿನವೂ ಬೆಳಗಿನ ಚಹಾ ಮುಗಿಯುವ ಹೊತ್ತಿಗೆ ಅವರ ಫೋನು. ಎರಡೂ ಕಡೆ ಅರ್ಜಿ ಹಾಕಿದವರನ್ನು ಒಬ್ಬೊಬ್ಬರನ್ನಾಗಿ ತೆಗೆದುಕೊಂಡು ಮಾತಾಡುತ್ತಿದ್ದೆವು. ಇವನಿಗೆ ನಿಜವಾಗಿ ಯಾವುದು ಬೇಕು, ಇವಳು ಯಾವುದನ್ನು ಬಿಟ್ಟಾಳು, ಯಾರನ್ನು ಕರೆದು ಕೇಳಬೇಕು. ನಮ್ಮ ಪಟ್ಟಿ, ಅವರ ಪಟ್ಟಿ ಎರಡೂ ಹೊರಬೀಳುವ ಮುಂಚೆಯೇ ನಾವಿಬ್ಬರು ಅರ್ಧ ಜಗಳ ಬಗೆಹರಿಸಿರುತ್ತಿದ್ದೆವು. ಹೆಸರು ಹಿಡಿದು ಕರೆದದ್ದಿಲ್ಲ. ಅವರಿಗೆ ನಾನು ಮ್ಯಾಥ್ಸು, ನನಗೆ ಅವರು ಫಿಸಿಕ್ಸು. ಮಕ್ಕಳ ವಿಷಯ ಮುಗಿದ ಮೇಲೆ ಮಾತು ತಾನಾಗಿ ಬೇರೆ ಕಡೆ ಹೊರಳುತ್ತಿತ್ತು. ಅವರ ಮೊಣಕಾಲು ನೋವು, ಅವರ ಹೆಂಡತಿಗೂ ಪಕ್ಕದ ಮನೆಯಾಕೆಗೂ ನಲ್ಲಿ ನೀರಿನ ವಿಷಯಕ್ಕೆ ನಡೆಯುತ್ತಿದ್ದ ಮುಗಿಯದ ಯುದ್ಧ, ಮಗಳ ಬಾಣಂತನ, ಕಡೆಗೆ ಮೊಮ್ಮಗುವಿಗೆ ಮೂಡಿದ ಮೊದಲ ಹಲ್ಲು. ಆ ಹಲ್ಲನ್ನು ನಾನು ನೋಡಿಲ್ಲ, ಆದರೆ ಅದು ಮೇಲಿನ ಸಾಲಿನದೋ ಕೆಳಗಿನದೋ ಎಂದು ನನಗೆ ಗೊತ್ತಿತ್ತು.

ತಪ್ಪು ತಿಳಿಯಬೇಡಿ. ಅಂಥದ್ದೇನೂ ಅಲ್ಲ. ಎದುರಿಗೆ ಸಿಕ್ಕರೆ ನಾವು ತಲೆಯಾಡಿಸಿ ಹೋಗುತ್ತಿದ್ದೆವು. ಬ್ಯಾಂಕಿನ ಮುಂದೆ ಒಮ್ಮೆ ಸಿಕ್ಕಾಗ ಇಬ್ಬರಿಗೂ ಏನು ಮಾತಾಡಬೇಕೆಂದು ತೋಚದೆ ಬಿಸಿಲು ಜಾಸ್ತಿ ಎಂದು ಹೇಳಿಕೊಂಡು ಬಂದೆವು. ಅವರು ಕುಳ್ಳಗೆ, ಕಂಕುಳಲ್ಲೊಂದು ಕೊಡೆ, ಫೋನಿನಲ್ಲಿ ಕೇಳುತ್ತಿದ್ದ ದನಿಗೂ ಆ ಮನುಷ್ಯನಿಗೂ ಸಂಬಂಧವೇ ಇಲ್ಲದ ಹಾಗೆ. ನನಗೆ ಬೇಕಾಗಿದ್ದದ್ದು ಆ ದನಿ.

ಯಾಕೆ ಬೇಕಾಗಿತ್ತು ಎಂದರೆ ನನ್ನ ಮನೆ ನೋಡಬೇಕು ನೀವು. ಅಣ್ಣನ ಮನೆಯ ಮಹಡಿಯಲ್ಲಿ ಒಂದು ಕೋಣೆ. ಮೆಟ್ಟಿಲು ಹೊರಗಿನಿಂದ, ಹಾಗಾಗಿ ನಾನು ಬಂದದ್ದು ಹೋದದ್ದು ಯಾರಿಗೂ ತಿಳಿಯಬೇಕಾಗಿಲ್ಲ, ತಿಳಿಯುವುದೂ ಇಲ್ಲ. ಅತ್ತಿಗೆ ಕೆಟ್ಟವಳಲ್ಲ. ಏನಾದರೂ ವಿಶೇಷ ಮಾಡಿದರೆ ಡಬ್ಬಿಯಲ್ಲಿ ಹಾಕಿ, ಬಾಗಿಲ ಮುಂದೆ ಇಟ್ಟು, ಎರಡು ಸಲ ತಟ್ಟಿ ಇಳಿದು ಹೋಗುತ್ತಾಳೆ. ನಾನು ಬಾಗಿಲು ತೆಗೆಯುವಷ್ಟರಲ್ಲಿ ಅವಳ ಸೆರಗು ಕೂಡ ಕಾಣುವುದಿಲ್ಲ. ಅದಕ್ಕೂ ನಾನೇ ಕಾರಣ ಎನ್ನಿ. ಯಾವತ್ತೋ ಒಂದು ದಿನ ಉಪ್ಪು ಜಾಸ್ತಿ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದೆ. ಅಣ್ಣ ಟೀವಿಯ ಮುಂದೆ ಕೂತರೆ ಮನೆಗೆ ಬೆಂಕಿ ಬಿದ್ದರೂ ಏಳುವವನಲ್ಲ. ಆಫೀಸಿನಿಂದ ಬಂದು ಬಾಗಿಲು ಹಾಕಿದೆನೆಂದರೆ ಮತ್ತೆ ಮಾರನೆಯ ಬೆಳಿಗ್ಗೆ ಬಸ್ಸಿನ ಕಂಡಕ್ಟರಿಗೆ ಇಳಿಯುವ ಜಾಗ ಹೇಳುವ ತನಕ ನನ್ನ ಬಾಯಿಂದ ಒಂದು ಶಬ್ದ ಹೊರಡುತ್ತಿರಲಿಲ್ಲ. ಭಾನುವಾರ ಅದೂ ಇಲ್ಲ. ಸೋಮವಾರ ಬೆಳಿಗ್ಗೆ ಗಂಟಲು ಕೆರೆದುಕೊಂಡು ನನ್ನ ದನಿ ಇನ್ನೂ ಇದೆಯೋ ಎಂದು ನೋಡಿಕೊಂಡದ್ದುಂಟು.

ಇಷ್ಟೆಲ್ಲ ಇದ್ದೂ ಫೋನು ಎತ್ತಿದ ಕೂಡಲೇ ನನ್ನ ಬಾಯಿಂದ ಬರುತ್ತಿದ್ದದ್ದೇನು? “ಬಂತಾ ನಿಮ್ಮ ಕಾಟ?” ದಿನವೂ ಅದೇ. “ಬೇರೆ ಕೆಲಸ ಇಲ್ವೇನ್ರೀ ನಿಮಗೆ?” “ನಿಮ್ಮ ಫಿಸಿಕ್ಸ್ ಬಿಲ್ಡಿಂಗಿಗೆ ಸಿಡ್ಲು ಬಡಿಯೋಕೆ!” ಅವರು, “ಆಯ್ತಮ್ಮಾ, ಬೈಬೇಡಿ, ಎರಡೇ ನಿಮಿಷ,” ಎನ್ನುತ್ತಿದ್ದರು. ಮಾತು ಮುಗಿಯುವಾಗ, “ಸಾಕು ಇಡ್ರೀ, ನಿಮ್ಮ ಹಾಗೆ ಖಾಲಿ ಕೂತಿಲ್ಲ ನಾನು,” ಎಂದು ನಾನೇ ಮೊದಲು ಇಟ್ಟುಬಿಡುತ್ತಿದ್ದೆ. ಅವರು ಮೊದಲು ಇಟ್ಟರೆ ನನಗೆ ತಡೆಯಲು ಆಗುತ್ತಿರಲಿಲ್ಲ, ಅದಕ್ಕೆ. ನನ್ನ ಬೈಗುಳದ ಒಳಗೆ ಏನಿದೆ ಎಂದು ಅವರಿಗೆ ಗೊತ್ತಿದ್ದೇ ಇರುತ್ತದೆ ಎಂದುಕೊಂಡಿದ್ದೆ. ನಮ್ಮ ಮನೆಯಲ್ಲಿ ಅಮ್ಮ ಅಪ್ಪನನ್ನು ಹಾಗೆಯೇ ಮಾತಾಡಿಸುತ್ತಿದ್ದಳು, ಅಪ್ಪನಿಗೆ ಅರ್ಥವಾಗುತ್ತಿತ್ತು.

ಹೀಗಿರುವಾಗ ಮೇಲಿನವರು ಎಲ್ಲ ವಿಭಾಗಗಳ ಪ್ರವೇಶವನ್ನೂ ಒಂದೇ ಕಡೆ ತರುವ ಸಾಫ್ಟ್‌ವೇರ್ ಮಾಡಿಸುತ್ತೇವೆ ಎಂದು ಹೇಳಿದರು. ಎಲ್ಲರೂ ಹೌಹಾರಿದರು. ರಸಾಯನದವರು ಕೆಲಸವೇ ಹೋಯಿತು ಎಂದು ತಲೆಯ ಮೇಲೆ ಕೈ ಹೊತ್ತರು. ಇತಿಹಾಸದವರು ಸಹಿ ಮಾಡಿಸಿ ಮನವಿ ಕೊಟ್ಟರು. ನಾನು ಮಾತ್ರ ಒಂದೇ ವಿಷಯ ವಿಚಾರಿಸಿದೆ: ಆಯ್ಕೆ ಯಾರು ಮಾಡುವುದು? ಅರ್ಜಿ ಮಾತ್ರ ಒಂದೇ ಕಡೆ ಬರುತ್ತದೆ, ಆಯ್ಕೆ ಎಂದಿನ ಹಾಗೆ ಆಯಾ ವಿಭಾಗದವರದೇ ಎಂದರು. ಅಲ್ಲಿಗೆ ನನ್ನ ಜೀವ ತಣ್ಣಗಾಯಿತು. ಆಯ್ಕೆ ಬೇರೆ ಬೇರೆಯಾದರೆ ಎರಡೂ ಕಡೆ ಸೀಟು ಸಿಗುವವರು ಇದ್ದೇ ಇರುತ್ತಾರೆ. ಅವರಿದ್ದರೆ ಫೋನೂ ಇರುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ನನಗೆ ಇನ್ನೇನು ಬೇಕು?

ಸಾಫ್ಟ್‌ವೇರ್ ಮಾಡುವ ಕಂಪನಿಯಿಂದ ಒಬ್ಬಳು ಎಂಜಿನಿಯರ್ ಬಂದಳು. ಚೂಟಿ ಹುಡುಗಿ. ವಿಭಾಗದಿಂದ ವಿಭಾಗಕ್ಕೆ ಹೋಗಿ ಯಾರು ಹೇಗೆ ಕೆಲಸ ಮಾಡುತ್ತಾರೆ ಎಂದು ಕೂತು ಕೇಳುತ್ತಿದ್ದಳು. ನನ್ನ ಕೋಣೆಗೂ ಬಂದು ಕುರ್ಚಿ ಎಳೆದುಕೊಂಡಳು.

“ಮೇಡಂ, ನಿಮ್ಮ ಕೆಲಸದಲ್ಲಿ ತಲೆನೋವು ಯಾವುದು ಹೇಳಿ. ತೆಗೆದುಹಾಕೋಣ.”

“ಮೊದಲು ನಮ್ಮ ವಿಭಾಗದ ಮುಖ್ಯಸ್ಥರನ್ನ ತೆಗೀಮ್ಮ.”

ಅವಳು ನಕ್ಕಳು. ನಾನು ಪ್ರಿಂಟರಿನ ಕಥೆ ಹೇಳಿದೆ, ಸಹಿಗೆ ಅಲೆಸುವ ಪ್ರೊಫೆಸರುಗಳ ಕಥೆ ಹೇಳಿದೆ, ಅಂಕಪಟ್ಟಿಯ ಬದಲು ಕರೆಂಟ್ ಬಿಲ್ಲು ಲಗತ್ತಿಸುವ ಮಕ್ಕಳ ಕಥೆ ಹೇಳಿದೆ. ಅವಳು ಎಲ್ಲ ಬರೆದುಕೊಂಡು ಏಳುವಾಗ ಕೇಳಿದಳು.

“ಒಬ್ಬರೇ ಎರಡು ಡಿಪಾರ್ಟ್‌ಮೆಂಟಿಗೆ ಹಾಕಿದ್ರೆ ಏನ್ ಮಾಡ್ತೀರಿ ಮೇಡಂ? ತುಂಬಾ ಜನ ಹಾಗೆ ಹಾಕ್ತಾರಾ?”

“ಎಲ್ಲೋ ಒಬ್ರೋ ಇಬ್ರೋ. ಅದೇನು ದೊಡ್ಡ ವಿಷಯ ಅಲ್ಲ ಬಿಡು.”

ಅವಳು ಬಿಟ್ಟಳು. ಫಿಸಿಕ್ಸ್‌ನವರೂ ಇದನ್ನು ಬಾಯಿ ಬಿಡುವುದಿಲ್ಲ ಎಂದು ನನಗೆ ಎಷ್ಟು ನಂಬಿಕೆ ಎಂದರೆ, ಅವರಿಗೆ ಹೇಳಬೇಡಿ ಎಂದು ಹೇಳಲೂ ಇಲ್ಲ. ಹೇಳಿದ್ದರೆ ಯಾಕೆ ಎಂದು ಕೇಳುತ್ತಿದ್ದರು. ಯಾಕೆ ಎಂದರೆ ನಾನು ಏನು ಹೇಳಲಿ?

ಸಾಫ್ಟ್‌ವೇರ್ ಸಿದ್ಧವಾಗಿದೆ, ಎಲ್ಲರೂ ಬಂದು ನೋಡಿ ಎಂದು ಮುಖ್ಯ ಕಟ್ಟಡದ ಸಭಾಂಗಣಕ್ಕೆ ಕರೆದರು. ಎಲ್ಲ ವಿಭಾಗಗಳ ಆಫೀಸಿನವರೂ ಸೇರಿದ್ದೆವು. ಹಿಂದಿನ ಸಾಲಿನಲ್ಲಿ ಕೂತು ನಾನು ಒಬ್ಬೊಬ್ಬರ ತಲೆ ಎಣಿಸುತ್ತಾ ಕೊಡೆಯವರು ಎಲ್ಲಿದ್ದಾರೆ ಎಂದು ಹುಡುಕಿದೆ. ಮುಂದಿನ ಸಾಲಿನಲ್ಲೇ ಕೂತಿದ್ದರು, ಯಾವತ್ತೂ ಇಲ್ಲದ ಹಾಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು.

ಎಂಜಿನಿಯರ್ ಹುಡುಗಿ ಪರದೆಯ ಮೇಲೆ ಒಂದೊಂದಾಗಿ ತೋರಿಸಿದಳು. ಅರ್ಜಿ ಹೀಗೆ ಬರುತ್ತದೆ, ಅಂಕ ಹೀಗೆ ತಾಳೆಯಾಗುತ್ತದೆ. ಆಮೇಲೆ ಒಬ್ಬ ಕಲ್ಪನೆಯ ವಿದ್ಯಾರ್ಥಿಯನ್ನು ತೆಗೆದುಕೊಂಡಳು. ಅವನು ಗಣಿತಕ್ಕೂ ಹಾಕಿದ್ದಾನೆ, ಭೌತವಿಜ್ಞಾನಕ್ಕೂ ಹಾಕಿದ್ದಾನೆ. ಎರಡೂ ಕಡೆ ಆಯ್ಕೆಯಾದ. ಅರ್ಜಿ ಹಾಕುವಾಗಲೇ ತನಗೆ ಮೊದಲು ಬೇಕಾದದ್ದು ಯಾವುದು ಎಂದು ಬರೆದಿದ್ದಾನೆ. ಅವಳು ಒಂದು ಗುಂಡಿ ಒತ್ತಿದಳು. ಅವನ ಹೆಸರು ಗಣಿತದಲ್ಲಿ ನಿಂತಿತು, ಭೌತವಿಜ್ಞಾನದಿಂದ ಅಳಿಸಿಹೋಯಿತು, ಅಲ್ಲಿ ಸಾಲಿನಲ್ಲಿ ಕಾಯುತ್ತಿದ್ದವನು ಮೇಲೆ ಬಂದ. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾವಿಬ್ಬರು ಅದಕ್ಕೆ ಒಂದು ಬೆಳಗು ತೆಗೆದುಕೊಳ್ಳುತ್ತಿದ್ದೆವು.

ಜನ ಚಪ್ಪಾಳೆ ತಟ್ಟಿದರು. “ಇದನ್ನ ನಾವು ಬಿಟ್ಟೇಬಿಟ್ಟಿದ್ವಿ,” ಎಂದಳು ಅವಳು. “ಸೂಚಿಸಿದ್ದು ಫಿಸಿಕ್ಸ್ ಡಿಪಾರ್ಟ್‌ಮೆಂಟಿನ ಸರ್. ಮೂರು ಸಲ ನಮ್ಮ ಆಫೀಸಿಗೇ ಬಂದು ವಿವರಿಸಿದ್ರು.”

ಅವರು ಎದ್ದು ನಿಂತು ನಾಚಿಕೊಂಡು ಕೈಮುಗಿದರು. ನಾನು ಚಪ್ಪಾಳೆ ತಟ್ಟಲಿಲ್ಲ. ನನ್ನ ಕೈಗಳು ತೊಡೆಯ ಮೇಲೇ ಬಿದ್ದಿದ್ದವು. ಅಯ್ಯೋ ಪುಣ್ಯಾತ್ಮ, ಮೊಣಕಾಲು ನೋವಿಟ್ಟುಕೊಂಡು ಮೂರು ಸಲ ಹೋಗಿ ಬಂದೆಯಾ, ನನ್ನ ಬಾಯಿಗೆ ಮಣ್ಣು ಹಾಕುವುದಕ್ಕೆ? ಇವತ್ತು ಬಿಡಬಾರದು, ಎದುರಿಗೆ ನಿಲ್ಲಿಸಿ ನೀರಿಳಿಸಬೇಕು ಎಂದುಕೊಂಡೆ.

ಹೊರಗೆ ಪಡಸಾಲೆಯಲ್ಲಿ ಚಹಾ ಕೊಡುತ್ತಿದ್ದರು. ನಾನು ಹುಡುಕಿಕೊಂಡು ಹೋಗುವ ಮೊದಲೇ ಅವರು ಎರಡು ಲೋಟ ಹಿಡಿದುಕೊಂಡು ಜನರ ನಡುವೆ ನುಸುಳಿ ನನ್ನ ಹತ್ತಿರ ಬಂದರು. ಒಂದನ್ನು ನನ್ನ ಕೈಗಿಟ್ಟರು. ಮುಖ ಅರಳಿತ್ತು.

“ಹೇಗಿದೆ ಮ್ಯಾಥ್ಸು?”

“ಯಾಕ್ರೀ ಹೇಳಿದ್ರಿ ಅವಳಿಗೆ?”

“ಇನ್ಯಾಕೆ, ನಿಮಗೋಸ್ಕರಾನೇ ಹೇಳ್ದೆ.” ಅವರು ಸ್ವಲ್ಪ ದನಿ ತಗ್ಗಿಸಿದರು. “ಎಷ್ಟು ವರ್ಷ ಆಯ್ತು ನೋಡಿ, ದಿನಾ ಬೆಳಗಾದ್ರೆ ನಿಮ್ಮ ಕಾಟ, ನಿಮ್ಮ ಕಾಟ ಅಂತ ಬೈತೀರಿ. ನಾನು ನಗ್ತಾ ಇದ್ದೆ, ಆದ್ರೆ ಒಳಗೆ ಬೇಜಾರಾಗ್ತಿತ್ತು. ನನ್ನ ಕೆಲಸಕ್ಕೆ ನಿಮ್ಮ ಹೊತ್ತು ಹಾಳು ಮಾಡ್ತಿದ್ದೀನಲ್ಲಾ ಅಂತ. ಮನೇಲಿ ನಮ್ಮವಳೂ ಅಂದ್ಲು, ಪಾಪ, ಆ ಹೆಣ್ಣುಮಗಳಿಗೆ ಯಾಕೆ ಅಷ್ಟು ತೊಂದ್ರೆ ಕೊಡ್ತೀರಿ ಅಂತ. ಅದಕ್ಕೇ ಆ ಹುಡುಗಿ ಬಂದಾಗ ಮೊದಲು ಹೇಳಿದ್ದೇ ಇದು. ಮಾಡಿಕೊಡೋ ತನಕ ಬಿಡ್ಲಿಲ್ಲ. ಹೋಗಿ, ಇನ್ನು ನಿಮಗೆ ನನ್ನ ಕಾಟ ಇಲ್ಲ.”

ಕೋಪ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅದು ಹೋದ ಜಾಗದಲ್ಲಿ ನಿಲ್ಲುವುದಕ್ಕೆ ಏನೂ ಇರಲಿಲ್ಲ. ಅವರು ಉಡುಗೊರೆ ಕೊಟ್ಟವರ ಹಾಗೆ ನನ್ನ ಮುಖವನ್ನೇ ನೋಡುತ್ತಿದ್ದರು. ಆಗ ಹೇಳಬೇಕಿತ್ತು. ರೀ, ಆ ಕಾಟ ಇದೆಯೆಂದೇ ನಾನು ಬೆಳಿಗ್ಗೆ ಎದ್ದು ಬಸ್ಸು ಹಿಡಿಯುತ್ತಿದ್ದದ್ದು. ಇಡೀ ದಿನದಲ್ಲಿ ಒಬ್ಬ ಮನುಷ್ಯ ನನ್ನ ಜೊತೆ ಮಾತಾಡುತ್ತಿದ್ದರೆ ಅದು ನೀವು. ಈಗಲೂ ಕಾಲ ಮಿಂಚಿಲ್ಲ, ಸುಮ್ಮನೆ ಫೋನು ಮಾಡುತ್ತಿರಿ. ಇಷ್ಟೇ ಮಾತು. ಎದುರಿಗೆ ಮನುಷ್ಯ ನಿಂತಿದ್ದ, ಕೇಳಲು ಕಾಯುತ್ತಿದ್ದ.

ನನ್ನ ನಾಲಿಗೆಗೆ ಗೊತ್ತಿದ್ದದ್ದು ಒಂದೇ ದಾರಿ.

“ಸದ್ಯ! ಬದುಕಿಕೊಂಡೆ,” ಎಂದೆ.

ಅವರು ಹೊಟ್ಟೆ ತುಂಬ ನಕ್ಕರು. “ಗೊತ್ತಿತ್ತು ನಂಗೆ,” ಎಂದರು. ಯಾರೋ ಕರೆದರು, ಲೋಟ ಎತ್ತಿ ನನಗೆ ಸನ್ನೆ ಮಾಡಿ ಹೋದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ. ನಾನು ಚಹಾ ಕುಡಿಯದೆ ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಬಂದೆ.

ಆ ವರ್ಷದ ಪ್ರವೇಶ ಹೂವೆತ್ತಿದ ಹಾಗೆ ನಡೆಯಿತು. ಅರ್ಜಿಗಳು ಬಂದವು, ಪ್ರೊಫೆಸರುಗಳು ತಮ್ಮ ತಮ್ಮ ಕೋಣೆಯಲ್ಲೇ ಕೂತು ಅಂಕ ಹಾಕಿದರು, ಪಟ್ಟಿ ತಾನಾಗಿ ಹೊರಬಿತ್ತು. ಯಾವ ಅಪ್ಪನೂ ನನ್ನ ಮೇಜು ಗುದ್ದಲು ಬರಲಿಲ್ಲ. ಬೆಳಗಿನ ಚಹಾ ಮುಗಿಯುವ ಹೊತ್ತಿಗೆ ನನ್ನ ಕೈ ತಾನಾಗಿ ಫೋನಿನ ಕಡೆ ಹೋಗುತ್ತಿತ್ತು. ಲೈನು ಕೆಟ್ಟಿರಬಹುದೆಂದು ಎತ್ತಿ ಕಿವಿಗಿಟ್ಟು ನೋಡಿದೆ. ಗುಂಯ್ ಎನ್ನುತ್ತಿತ್ತು. ಕೆಟ್ಟಿದ್ದರೆ ರಿಪೇರಿಗೆ ಹೇಳಬಹುದಿತ್ತು.

“ನೋಡಿ, ಎಷ್ಟು ನಿಶ್ಶಬ್ದವಾಗಿದೆ ಆಫೀಸು!” ಎಂದರು ನಮ್ಮ ಮುಖ್ಯಸ್ಥರು, ಬಾಗಿಲಲ್ಲಿ ನಿಂತು. ಸಂತೋಷದಿಂದ ಅಂದದ್ದು.

“ಸ್ಮಶಾನಾನೂ ನಿಶ್ಶಬ್ದವಾಗೇ ಇರತ್ತೆ ಸಾರ್,” ಎಂದೆ. ಪಾಪ, ಮುಖ ಸಣ್ಣದು ಮಾಡಿಕೊಂಡು ಹೋದರು.

ಆಮೇಲೆ ನಾನೊಂದು ಕೆಲಸ ಹಚ್ಚಿಕೊಂಡೆ. ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು. ನಮ್ಮ ಪಟ್ಟಿ ತೆರೆದು ಒಂದೊಂದೇ ಹೆಸರನ್ನು ಫಿಸಿಕ್ಸ್ ಪಟ್ಟಿಯಲ್ಲಿ ಇದೆಯೇ ಎಂದು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದೆ. ಒಬ್ಬನಾದರೂ ಎರಡೂ ಕಡೆ ಉಳಿದಿರಲಿ, ಒಬ್ಬಳಾದರೂ ಎರಡು ಸೀಟು ಹಿಡಿದುಕೊಂಡಿರಲಿ. ಸಿಕ್ಕರೆ ಎಂಜಿನಿಯರಿಗೂ ಹೇಳುವುದಿಲ್ಲ, ಮುಖ್ಯಸ್ಥರಿಗೂ ಹೇಳುವುದಿಲ್ಲ, ನೇರ ಫಿಸಿಕ್ಸಿಗೆ ಫೋನು ಹಚ್ಚುತ್ತೇನೆ ಎಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಿದ್ದೆ. ಒಂದೇ ಒಂದು ತಪ್ಪು ಸಿಗಲಿಲ್ಲ. ಅಷ್ಟು ಅಚ್ಚುಕಟ್ಟಾಗಿ ಮಾಡಿದ್ದಳು ಪುಣ್ಯಾತ್ಗಿತ್ತಿ. ಅಷ್ಟು ಅಚ್ಚುಕಟ್ಟಾಗಿ ವಿವರಿಸಿದ್ದರು ಅವರು.

ತರಗತಿ ಶುರುವಾಗುವ ಹಿಂದಿನ ವಾರ ತಡೆಯಲಾಗಲಿಲ್ಲ. ನೆಪವಿಲ್ಲದೆಯೇ ಫೋನು ಮಾಡಿಬಿಡೋಣ, ತಲೆ ಹೋಗುವುದಿಲ್ಲವಲ್ಲ ಎಂದುಕೊಂಡೆ. ಇವತ್ತು ಬೈಯಬಾರದು, ಮೆತ್ತಗೆ ಮಾತಾಡಬೇಕು ಎಂದು ನೂರು ಸಲ ಹೇಳಿಕೊಂಡು ನಂಬರು ಒತ್ತಿದೆ.

“ಹಲೋ, ಫಿಸಿಕ್ಸ್ ಡಿಪಾರ್ಟ್‌ಮೆಂಟ್.”

“ನಾನ್ರೀ. ಮ್ಯಾಥ್ಸು.”

“ಓಹೋ! ಏನ್ ಮ್ಯಾಥ್ಸು, ಅಪರೂಪಕ್ಕೆ? ನೀವಾಗೇ ಮಾಡ್ಬಿಟ್ರಿ!” ನಾನು ರಿಸೀವರನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ. “ಯಾರ ವಿಷಯ ಹೇಳಿ. ಏನಾದ್ರೂ ಗೋಜಲಾಯ್ತಾ?”

“ಇಲ್ಲ, ಗೋಜಲೇನಿಲ್ಲ. ಮಗು ಹೇಗಿದೆ?”

“ಯಾವ ಮಗು?”

“ನಿಮ್ಮ ಮೊಮ್ಮಗು.”

“ಓ, ಅದಾ! ಓಡಾಡತ್ತೆ ಈಗ. ಮನೇಲಿ ಒಂದು ಪಾತ್ರೆ ಇಟ್ಟ ಕಡೆ ಇರಲ್ಲ.” ಆಮೇಲೆ ಅವರು ಕಾಳಜಿಯಿಂದ ಕೇಳಿದರು. “ಮ್ಯಾಥ್ಸು, ಹುಷಾರಾಗಿದ್ದೀರಿ ತಾನೆ? ಬೈತಾನೇ ಇಲ್ವಲ್ಲ ಇವತ್ತು.”

“ಹುಷಾರಾಗೇ ಇದ್ದೀನಿ.”

“ಹಾಗಾದ್ರೆ ಸರಿ. ಗಾಬರಿ ಆಯ್ತು ನಂಗೆ.” ಅವರು ಕಾದರು. ನಾನೂ ಕಾದೆ. ಇಷ್ಟು ವರ್ಷ ನಾವು ಯಾರೋ ಒಬ್ಬರ ವಿಷಯದಿಂದಲೇ ಮಾತು ಶುರು ಮಾಡಿದವರು, ನಡುವೆ ಹಾಗೆ ಒಬ್ಬರೂ ಇಲ್ಲದೆ ಎಲ್ಲಿಂದ ಶುರು ಮಾಡಬೇಕೆಂದು ಇಬ್ಬರಿಗೂ ಗೊತ್ತಿರಲಿಲ್ಲ. “ಮತ್ತೆ, ಯಾರದಾದ್ರೂ ವಿಷಯ ಇತ್ತಾ?”

ನನ್ನದೇ ಎನ್ನಬೇಕೆಂದು ಬಾಯಿ ತೆರೆದೆ. “ಯಾರದ್ದೂ ಇಲ್ಲ,” ಎಂದೆ.

“ಸರಿ ಹಾಗಾದ್ರೆ. ನಿಮ್ಮ ಹೊತ್ತು ತಿನ್ನಲ್ಲ. ಇಡ್ಲಾ? ಕೆಲಸ ಇರತ್ತೆ ನಿಮಗೆ.”

ನನ್ನ ಮೇಜನ್ನು ನೋಡಿದೆ. ಒಂದು ಪೆನ್ನಿತ್ತು, ಒರೆಸಿಟ್ಟ ಗಾಜಿತ್ತು.

“ಹೂಂ, ಇಡಿ,” ಎಂದೆ. “ತುಂಬಾ ಕೆಲಸ ಇದೆ.”